ಹಾಡು ನಮ್ಮದು, ಸಂತೆ ಯಾವುದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ 'ತಂತ್ರಜ್ಞಾನ ಮತ್ತು ಗ್ರಾಮ' ಎಂಬ ದೊಡ್ಡ ವಿಷಯ ಕೊಟ್ಟಿದ್ದರು. ಅದನ್ನು ಚಿಕ್ಕದು ಮಾಡಿಕೊಳ್ಳಲು ಅವರ ಅನುಮತಿ ಪಡೆದಿದ್ದೇನೆ. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಡಲು ಬರುವುದಿಲ್ಲ, ಪ್ರಾರ್ಥನೆಯಲ್ಲಿ ನನ್ನ ದನಿ ಕೇಳಿದ ಮೇಷ್ಟ್ರುಗಳು ಇಲ್ಲೇ ಇದ್ದಾರೆ, ಅವರೇ ಸಾಕ್ಷಿ. ಆದರೆ ನಮ್ಮ ಚಾಮರಾಜನಗರ ಸೀಮೆ ಹಾಡಿನ ಸೀಮೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆಯವರು, ಸೋಬಾನೆ ಹೇಳುವ ತಾಯಂದಿರು ಇಲ್ಲಿದ್ದಾರೆ. ಈಗ ರ‍್ಯಾಪ್ ಬರೆದು, ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟುವ ಹುಡುಗರೂ ಇದ್ದಾರೆ. ಇವರಲ್ಲಿ ಹಲವರು ಫೋನ್ ಮಾಡಿ ಕೇಳುವುದು ಒಂದೇ ಮಾತು: "ಹಾಡು ರೆಕಾರ್ಡ್ ಮಾಡಿವ್ನಿ ಕಣಣ್ಣ, ಎಲ್ಲಿಗ್ ಹಾಕ್ಲಿ?"

ನಾನು ತಿರುಗಿ ಕೇಳುತ್ತೇನೆ: ಹಾಡು ಉಳಿಯಬೇಕೋ, ಜನಕ್ಕೆ ಕೇಳಿಸಬೇಕೋ, ನಾಲ್ಕು ಕಾಸು ತರಬೇಕೋ? ಮೂರೂ ಬೇಕು ಅನ್ನುತ್ತಾರೆ. ತಪ್ಪೇನಿಲ್ಲ. ಆದರೆ ಮೂರನ್ನೂ ಕೊಡುವ ಒಂದೇ ಜಾಗ ಇಲ್ಲ.

ಮೊದಲು ಉಳಿಯುವ ಮಾತು. ಬಿತ್ತನೆ ರಾಗಿಯನ್ನು ಯಾವ ರೈತನೂ ಸಂತೆಗೆ ಒಯ್ಯುವುದಿಲ್ಲ. ನಿಮ್ಮ ಮೂಲ ಧ್ವನಿಮುದ್ರಣವೂ ಹಾಗೆಯೇ. ಅದನ್ನು ಎಂಪಿ3 ಆಗಿ ಕುಗ್ಗಿಸದೆ, ವೇವ್ ಫೈಲ್ ಆಗಿಯೇ ಎರಡು ಕಡೆ ಇಟ್ಟುಕೊಳ್ಳಿ. ಒಂದು ಮನೆಯ ಹಾರ್ಡ್ ಡಿಸ್ಕ್‌ನಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಯಾಕೆಂದರೆ ಸಂತೆ ಎತ್ತಂಗಡಿಯಾಗುತ್ತದೆ. ಒಂದು ಕಾಲದಲ್ಲಿ ಜಗತ್ತಿನ ಹೊಸ ಹಾಡುಗಾರರೆಲ್ಲ ಸೇರಿದ್ದ ಮೈಸ್ಪೇಸ್ ತಾಣ, ಸರ್ವರ್ ಬದಲಾಯಿಸುವಾಗ ಸುಮಾರು 12 ವರ್ಷಗಳ ಹಾಡುಗಳು ಕಳೆದುಹೋದವೆಂದು 2019ರಲ್ಲಿ ಒಪ್ಪಿಕೊಂಡಿತು. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಹಳ್ಳಿಯ ಎಷ್ಟೋ ಹಾಡುಗಾರರ ಲಕ್ಷಗಟ್ಟಲೆ ಕೇಳುಗರು ಒಂದೇ ರಾತ್ರಿಯಲ್ಲಿ ಇಲ್ಲವಾದರು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ಮೂಲ ಪ್ರತಿ ಕೈಯಲ್ಲಿದ್ದವರು ಇನ್ನೊಂದು ಸಂತೆಗೆ ಹೋಗಬಹುದು. ಇಲ್ಲದವರು ಕೈ ಹಿಸುಕಿಕೊಳ್ಳಬೇಕು.

ಸಾರ್ವಜನಿಕವಾಗಿ ಉಳಿಯಲಿ ಅನ್ನುವವರಿಗೆ ಇಂಟರ್ನೆಟ್ ಆರ್ಕೈವ್ ಇದೆ. 1996ರಿಂದ ನಡೆಯುತ್ತಿರುವ, ಲಾಭವಿಲ್ಲದ ಗ್ರಂಥಾಲಯ ಅದು. ಖರ್ಚಿಲ್ಲ, ಜಾಹೀರಾತಿಲ್ಲ, ಹಣವೂ ಇಲ್ಲ. ಒಂದು ಎಚ್ಚರ: ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸಿದರೆ, ಕೊಟ್ಟ ಅನುಮತಿಯನ್ನು ಆಮೇಲೆ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಜನಕ್ಕೆ ಕೇಳಿಸಬೇಕೆಂದರೆ ಯೂಟ್ಯೂಬ್. ನಮ್ಮ ಅಜ್ಜಿಯರ ಕೈಗೂ ಅದು ಬಂದಿದೆ. ಹೊಸ ಖಾತೆಯಲ್ಲಿ 15 ನಿಮಿಷದ ವಿಡಿಯೋ ಮಾತ್ರ ಹಾಕಬಹುದು. ಫೋನ್ ನಂಬರ್ ಕೊಟ್ಟು ಖಾತೆ ಖಚಿತಪಡಿಸಿದರೆ 12 ಗಂಟೆಯವರೆಗೂ ಹಾಕಬಹುದು. ಅಂದರೆ ಬೆಳ್ಳಂಬೆಳಗಿನವರೆಗೆ ಹಾಡುವ ಮಂಟೇಸ್ವಾಮಿ ಕಥೆ ತುಂಡಾಗದೆ ಹಿಡಿಸುತ್ತದೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಗಂಟೆ ಲೆಕ್ಕವಾದ್ದರಿಂದ ಉದ್ದನೆಯ ಕಥೆ ಹಾಡುವವರಿಗೆ ಇದು ಅನುಕೂಲವೇ.

ಸ್ಪಾಟಿಫೈನಂಥ ಕಡೆ ಲೆಕ್ಕ ಬೇರೆ. ಅಲ್ಲಿಗೆ ನಾವು ನೇರವಾಗಿ ಹಾಡು ಹಾಕುವಂತಿಲ್ಲ, ನಡುವೆ ವಿತರಕರು ಬೇಕು. ಡಿಸ್ಟ್ರೋಕಿಡ್ ವರ್ಷ ವರ್ಷ ಹಣ ಕೇಳುತ್ತದೆ. ಕಟ್ಟುವುದು ನಿಂತರೆ ಹಾಡು ಇಳಿಯಬಹುದು. ಸಿಡಿ ಬೇಬಿ ಒಂದೇ ಸಲ ಹಣ ಪಡೆದು, ಬಂದದ್ದರಲ್ಲಿ ಶೇ. 9 ಹಿಡಿದುಕೊಳ್ಳುತ್ತದೆ. ವರ್ಷಕ್ಕೊಂದು ಹಾಡು ಮಾಡುವವರಿಗೂ ತಿಂಗಳಿಗೊಂದು ಮಾಡುವವರಿಗೂ ಒಂದೇ ವಿತರಕ ಸರಿಹೋಗುವುದಿಲ್ಲ. 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. 2024ರಿಂದ, 12 ತಿಂಗಳಲ್ಲಿ 1,000 ಎಣಿಕೆ ದಾಟದ ಹಾಡಿಗೆ ಸ್ಪಾಟಿಫೈ ಹಣ ಕೊಡುವುದಿಲ್ಲ. ನಮ್ಮ ನೀಲಗಾರರು 30 ಸೆಕೆಂಡಿನಲ್ಲಿ ತಂಬೂರಿ ಶ್ರುತಿ ಮಾಡಿ ಮುಗಿಸಿರುವುದಿಲ್ಲ! ಮೂರು ನಿಮಿಷದ ಹಾಡು ಕಟ್ಟುವ ಹುಡುಗರಿಗೆ ಅದು ಒಪ್ಪುವ ಜಾಗ. ಅದಕ್ಕಾಗಿ ಕಥೆಯನ್ನು ಕೊಚ್ಚಿ ಕೊಡುವುದು ಬೇಡ.

ಕೇಳುಗರು ಕಡಿಮೆ, ಆದರೆ ಮನಸ್ಸಿಟ್ಟು ಕೊಳ್ಳುವವರು ಇದ್ದಾರೆ ಅನ್ನುವವರಿಗೆ ಬ್ಯಾಂಡ್‌ಕ್ಯಾಂಪ್. ಬೆಲೆ ನಾವೇ ಇಡಬಹುದು. ಡಿಜಿಟಲ್ ಮಾರಾಟದಲ್ಲಿ ಅದು ಶೇ. 15 ತೆಗೆದುಕೊಳ್ಳುತ್ತದೆ, ಪಾವತಿಯ ಶುಲ್ಕ ಬೇರೆ. ಹಣ ಪೇಪಾಲ್ ಖಾತೆಗೆ ಬರುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಆಲ್ಬಂ ಮಾರಲು ಇದು ಒಳ್ಳೆಯ ದಾರಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಹೆಸರು ಮತ್ತು ಹಕ್ಕು. ನನ್ನ ಸಹಪಾಠಿಯೊಬ್ಬನ ತಂದೆ ಒಳ್ಳೆಯ ಕಥೆಗಾರರು. ಕ್ಯಾಸೆಟ್ ಕಾಲದಲ್ಲಿ ಯಾರೋ ಬಂದು ರೆಕಾರ್ಡ್ ಮಾಡಿಸಿ, ಒಂದಿಷ್ಟು ಹಣ ಕೈಗಿತ್ತು ಹೋದರು. ಕಾಗದ ಪತ್ರ ಏನೂ ಇಲ್ಲ. ತಂದೆ ತೀರಿಕೊಂಡ ಮೇಲೆ ಆ ಹಾಡು ಯಾರದೋ ಚಾನೆಲ್‌ನಲ್ಲಿ ಕಾಣಿಸಿತು. ಕೇಳಿದವರು ಲಕ್ಷಗಟ್ಟಲೆ, ಹಾಡಿದವರ ಹೆಸರು ಎಲ್ಲೂ ಇಲ್ಲ. ಮಗ ಮನೆಯಲ್ಲಿದ್ದ ಕ್ಯಾಸೆಟ್ ಪ್ರತಿಯನ್ನು ತಾನೂ ಹಾಕಿದ. ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ಯಂತ್ರ ದನಿಗೆ ದನಿ ಹೋಲಿಸಿ, ಇದು ಇನ್ನೊಬ್ಬರದು ಎಂದು ಸೂಚನೆ ಕಳಿಸಿತು. ಯಂತ್ರಕ್ಕೆ ನೋಂದಣಿ ಗೊತ್ತು, ಅಪ್ಪನ ದನಿ ಯಾವುದೆಂದು ಗೊತ್ತಿಲ್ಲ. "ಅಪ್ಪನ್ ದನಿ ನಮ್ದಲ್ವಾ?" ಎಂದು ಅವನು ಕೇಳಿದಾಗ ನನಗೆ ಉತ್ತರ ಕೊಡುವುದು ಕಷ್ಟವಾಯಿತು.

ಅದಕ್ಕೇ ಕಾನೂನಿನ ಎರಡು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಮೊದಲಿಗೆ ಅದನ್ನು ಮಾಡಿಸಿದ ನಿರ್ಮಾಪಕರದು. 1994ರ ತಿದ್ದುಪಡಿಯಿಂದ ಹಾಡಿದವರಿಗೂ ಪ್ರದರ್ಶಕರ ಹಕ್ಕು ಬಂತು; ಈಗ ಅದರ ಅವಧಿ 50 ವರ್ಷ. ಕೃತಿಸ್ವಾಮ್ಯ ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಅರ್ಥ. ಆದ್ದರಿಂದ ಓದದೆ ಸಹಿ ಹಾಕಬೇಡಿ. ಇಂದು ನಮ್ಮ ಫೋನಿನಲ್ಲಿ, ನಮ್ಮ ಖರ್ಚಿನಲ್ಲಿ ನಾವೇ ರೆಕಾರ್ಡ್ ಮಾಡಿಕೊಂಡರೆ ನಿರ್ಮಾಪಕರೂ ನಾವೇ. ಸ್ವತಂತ್ರ ಸಂಗೀತ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ. ಆ ಸಹಪಾಠಿಯೂ ಅದನ್ನೇ ಮಾಡಿದ. ತಂದೆಯಿಂದ ಕಲಿತ ಕಥೆಯನ್ನು ತಾನೇ ಹಾಡಿ, ಕಲಿಸಿದವರ ಹೆಸರು, ಹಿಮ್ಮೇಳದವರ ಹೆಸರು, ಊರಿನ ಹೆಸರು ಬರೆದು ಹಾಕಿದ್ದಾನೆ. ಕೇಳಿದವರು ಇನ್ನೂ ಕೆಲವೇ ನೂರು. ಆದರೆ ಆ ಹಾಡು ಯಾರದು ಎಂದು ಯಾರೂ ಕೇಳಬೇಕಿಲ್ಲ.

ಇನ್ನೊಂದು ಮಾತು. ದೀಕ್ಷೆ ಪಡೆದು ಹಾಡುವವರ ಹಾಡು ಬರೀ ಮನರಂಜನೆಯಲ್ಲ. ಎಲ್ಲವನ್ನೂ ಎಲ್ಲರ ಮುಂದೆ ಇಡಬಹುದೇ ಎಂದು ಹಿರಿಯರನ್ನು ಕೇಳಿಯೇ ಮುಂದುವರಿಯಿರಿ. ಹಾಕದೆ ಇರುವುದೂ ಒಂದು ಆಯ್ಕೆಯೇ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೋರಿಕೆ. ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಬೀರುವಿನಲ್ಲಿ ಊರ ಹಾಡಿಗೆಂದು ಎರಡು ಹಾರ್ಡ್ ಡಿಸ್ಕ್ ಇಡೋಣ. ಅವುಗಳ ಖರ್ಚು ನಮ್ಮ ಬ್ಯಾಚಿನವರದು. ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ತನ್ನಿ, ಪ್ರತಿ ಮಾಡಿ ವಾಪಸು ಕೊಡುತ್ತೇವೆ. ಹಾಡಿದವರು ಯಾರು, ಕಲಿಸಿದವರು ಯಾರು, ಯಾವ ವರ್ಷ ಎಂಬುದನ್ನು ಒಂಬತ್ತನೇ ತರಗತಿಯ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಲಿ. ಯಾವುದನ್ನು ಯಾವ ಸಂತೆಗೆ ಒಯ್ಯಬೇಕೆಂದು ಹಾಡಿದ ಮನೆಯವರೇ ತೀರ್ಮಾನಿಸಲಿ.