ಬೆನ್ನುನೋವಿಗೆ ಮೊದಲ ಸಲ ಫಿಸಿಯೋಥೆರಪಿಗೆ ಹೋಗುವಾಗ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಮಾಹಿತಿಯ ಬರಹರೂಪ)



ಬೆನ್ನುನೋವು, ಸೊಂಟನೋವು ಇರುವವರು ಒಮ್ಮೆ ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದೀರಿ. ಇನ್ನು ಅದಕ್ಕಾಗಿ ಆಸ್ಪತ್ರೆಗೆ ಹೋದವರು ಮಾತ್ರ ಕೈ ಎತ್ತಿ. ಮೂರೇ ಮೂರು! ನಾವು ಬಗ್ಗಿ ಕೂತು ಬೀಡಿ ಕಟ್ಟುತ್ತೇವೆ, ನೇಜಿ ನೆಡುತ್ತೇವೆ, ಕೊಡ ಹೊರುತ್ತೇವೆ. ನೋವು ಬಂದರೆ ಎಣ್ಣೆ ಹಚ್ಚಿ, "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಅಂತ ಸುಮ್ಮನಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಹೋಗದಿರಲು ಒಂದು ಕಾರಣ ಹೆದರಿಕೆ. "ಎಲುಬು ಎಳೀತಾರಾ? ಕರೆಂಟ್ ಕೊಡ್ತಾರಂತೆ?" ಎಂದು ಕೇಳುತ್ತೀರಿ. ಹಾಗಾಗಿ ಮೊದಲ ದಿನ ಏನೇನಾಗುತ್ತದೆ ಎಂದು ಹೇಳುತ್ತೇನೆ.

1. ಮೊದಲು ಮಾತು: ನೋವು ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದಾ, ನಿಮ್ಮ ಕೆಲಸ ಏನು ಎಂದು ಕೇಳುತ್ತಾರೆ. ಹಳೆಯ ಚೀಟಿ, ಎಕ್ಸ್‌ರೇ, ತೆಗೆದುಕೊಳ್ಳುವ ಮಾತ್ರೆ ಜೊತೆಗಿರಲಿ. ಶುಗರ್, ಬಿ.ಪಿ., ಗರ್ಭಿಣಿ, ಆಪರೇಷನ್, ಎಲುಬು ಸವೆತ ಯಾವುದನ್ನೂ ಮುಚ್ಚಿಡಬೇಡಿ.

2. ಆಮೇಲೆ ಪರೀಕ್ಷೆ: ಬಗ್ಗಲು, ತಿರುಗಲು, ಮಲಗಿ ಕಾಲು ಎತ್ತಲು ಹೇಳುತ್ತಾರೆ. ಮಂಡಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲ ತಟ್ಟುತ್ತಾರೆ. ಅದು ನರದ ಪರೀಕ್ಷೆ. ಸಡಿಲವಾದ ಚೂಡಿದಾರ್ ಹಾಕಿಕೊಂಡು ಹೋಗಿ. ಮಹಿಳಾ ಸಿಬ್ಬಂದಿ ಬೇಕು, ಜೊತೆಗೆ ಒಬ್ಬರು ಇರಬೇಕು ಎಂದು ಕೇಳಲು ಸಂಕೋಚ ಬೇಡ. ಎಲ್ಲ ಬೆನ್ನುನೋವಿಗೂ ಸ್ಕ್ಯಾನಿಂಗ್ ಬೇಕಾಗುವುದಿಲ್ಲ.

3. ಕೊನೆಗೆ ಚಿಕಿತ್ಸೆ: ಎರಡು ಮೂರು ವ್ಯಾಯಾಮ ಕಲಿಸುತ್ತಾರೆ. ಶಾಖ ಕೊಡಬಹುದು. ಕರೆಂಟಿನ ಯಂತ್ರ ಇಟ್ಟರೂ ಜುಮ್ ಅನ್ನುತ್ತದೆ ಅಷ್ಟೇ. ಒಂದೆರಡು ದಿನ ಮೈಕೈ ಸ್ವಲ್ಪ ನೋಯಬಹುದು. ನಿಜವಾದ ಮದ್ದು ಮನೆಯಲ್ಲಿ ದಿನಾ ಮಾಡುವ ವ್ಯಾಯಾಮ. ಬಹಳ ದಿನದ ಸೊಂಟನೋವಿಗೆ ಬೆಲ್ಟ್ ಅನ್ನು ಮಾಮೂಲಿ ಚಿಕಿತ್ಸೆಯಾಗಿ ಬಳಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿ: ನನಗೆ ಏನಾಗಿದೆ? ಎಷ್ಟು ಸಲ ಬರಬೇಕು? ಪ್ರತಿ ಸಲ ಎಷ್ಟು ಖರ್ಚು? ಮೊದಲ ದಿನವೇ ಹತ್ತಾರು ಸಲದ ದುಡ್ಡು ಒಟ್ಟಿಗೆ ಕಟ್ಟಿ ಅಂದರೆ ಮನೆಯಲ್ಲಿ ಯೋಚಿಸಿ ಹೇಳುತ್ತೇನೆ ಅನ್ನಿ.

ಈಗ ಮೊಬೈಲಿನಲ್ಲಿ ಕೈರೋಪ್ರಾಕ್ಟಿಕ್ ವಿಡಿಯೋ ಬರುತ್ತವೆ. ಕುತ್ತಿಗೆ ತಿರುಗಿಸಿದರೆ 'ಟಕ್' ಅನ್ನುತ್ತದೆ. ಅದು ಜಾರಿದ ಎಲುಬು ಜಾಗಕ್ಕೆ ಕೂರುವ ಸದ್ದಲ್ಲ, ಕೀಲಿನ ದ್ರವದಲ್ಲಿ ಉಂಟಾಗುವ ಗಾಳಿಗುಳ್ಳೆಯ ಸದ್ದು. ತರಬೇತಿ ಪಡೆದವರು ಪರೀಕ್ಷೆ ಮಾಡಿ, ನಿಮ್ಮ ಒಪ್ಪಿಗೆ ಕೇಳಿ ಮಾಡುವುದು ಬೇರೆ. ಕ್ಷೌರದಂಗಡಿಯಲ್ಲೋ ಜಾತ್ರೆಯಲ್ಲೋ ಕುತ್ತಿಗೆ ತಿರುಗಿಸಿಕೊಳ್ಳುವುದು ಬೇರೆ. ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾದರೆ ಪಾರ್ಶ್ವವಾಯು ಕೂಡ ಆಗಬಹುದು. ಅಪರೂಪ, ಆದರೆ ಆಗಿದೆ. ಬೇಡ ಅನಿಸಿದರೆ ಬೇಡ ಅನ್ನುವ ಹಕ್ಕು ನಿಮಗಿದೆ.

ನನ್ನ ಬಳಿ ಬಂದ ಒಬ್ಬ ಅಕ್ಕನ ಮಾತು ಮರೆಯಲಾಗುವುದಿಲ್ಲ. ಸೊಂಟನೋವಿನ ಜೊತೆ ತೊಡೆಯ ಸಂದು ಜೋಮು ಹಿಡಿದಿತ್ತು, ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ. ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ನಾನು ಚಿಕಿತ್ಸೆ ಕೊಡಲಿಲ್ಲ, ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಆಪರೇಷನ್ ಆಯಿತು. ಈಗ ನಡೆಯುತ್ತಾರೆ, ಆದರೆ ಮೂತ್ರದ ಹಿಡಿತ ಪೂರ್ತಿ ಮರಳಲಿಲ್ಲ. "ಮೊದಲನೇ ದಿನವೇ ಹೇಳಬೇಕಿತ್ತು ಮೇಡಂ" ಅಂದರು.

ಆದ್ದರಿಂದ ಮಲಮೂತ್ರದ ಹಿಡಿತ ತಪ್ಪಿದರೆ, ಆ ಜಾಗ ಜೋಮು ಹಿಡಿದರೆ, ಕಾಲಿನ ಬಲ ಹೋದರೆ ಅದೇ ದಿನ ಆಸ್ಪತ್ರೆಗೆ ಓಡಿ. ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲಿನ ನೋವು ಇದ್ದರೂ ಮೊದಲು ಡಾಕ್ಟರಿಗೇ ತೋರಿಸಿ.

ಮಕ್ಕಳ ಫೀಸಿಗೆ, ಮನೆ ರಿಪೇರಿಗೆ ಸಂಘದಿಂದ ಸಾಲ ತೆಗೆಯುತ್ತೇವೆ. ನಮ್ಮ ಸೊಂಟದ ವಿಷಯ ಬಂದಾಗ ಮಾತ್ರ ಮುಂದೆ ನೋಡೋಣ ಅನ್ನುತ್ತೇವೆ. ಒಬ್ಬಳೇ ಹೋಗಲು ಹೆದರುವವಳ ಜೊತೆ ಪಕ್ಕದ ಮನೆಯ ಸದಸ್ಯೆ ಹೋಗಲಿ. ಮುಂದಿನ ಸಭೆಯಲ್ಲಿ ಇದೇ ಪ್ರಶ್ನೆ ಕೇಳುತ್ತೇನೆ. ಆಗ ಮೂರಕ್ಕಿಂತ ಹೆಚ್ಚು ಕೈ ಕಾಣಬೇಕು.