ಬೆಟ್ಟದ ದಾರಿ ಯಾರ ಲೆಕ್ಕದಲ್ಲಿ?



ಚಾರಣ ಶುಲ್ಕದ ಬಗೆಗಿನ ಈ ಸಂಕಿರಣಕ್ಕೆ ಗೊರವನಹಳ್ಳಿಯನ್ನು ಆರಿಸಿಕೊಂಡದ್ದಕ್ಕೆ ಸಂಘಟಕರಿಗೆ ನಾನು ಋಣಿ. ಇಲ್ಲಿ ಯಾವ ದಿಕ್ಕಿಗೆ ಹೊರಟರೂ ಬೆಟ್ಟ ಸಿಗುತ್ತದೆ. ಸಿದ್ಧರಬೆಟ್ಟ ಇದೇ ಕೊರಟಗೆರೆ ತಾಲ್ಲೂಕಿನದು, ಚನ್ನರಾಯನದುರ್ಗವೂ ಇಲ್ಲಿಯದೇ. ಮುಂದೆ ಮಧುಗಿರಿಯ ಏಕಶಿಲಾ ಬೆಟ್ಟ, ಅದರಾಚೆ ಮಿಡಿಗೇಶಿ, ಪಾವಗಡ. ತುಮಕೂರಿನ ಕಡೆಗೆ ದೇವರಾಯನದುರ್ಗ. ಜಯಮಂಗಲಿ ಹುಟ್ಟುವುದು ಅಲ್ಲಿ, ಅದರ ನೀರು ನಿಲ್ಲುವ ತೀತಾ ಜಲಾಶಯ ಈ ಊರಿಗೆ ಹತ್ತಿರದಲ್ಲೇ ಇದೆ. ಪಾಳುಬಿದ್ದಿದ್ದ ಮಹಾಲಕ್ಷ್ಮಿಯ ಗುಡಿಗೆ ಮತ್ತೆ ಪೂಜೆ ತಂದ ಕಮಲಮ್ಮನವರ ಊರಿದು. ನೋಡಿಕೊಳ್ಳುವವರೊಬ್ಬರು ಇದ್ದರೆ ಒಂದು ಜಾಗ ಏನಾಗಬಲ್ಲದು ಎಂಬುದನ್ನು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಚಾರಣ ಶುಲ್ಕದ ಬಗೆಗಿನ ಅಧ್ಯಯನಗಳ ಸಮೀಕ್ಷೆಗೆ ನಾನು ಕೈಹಾಕುವುದಿಲ್ಲ. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಿಂದ ಶುರುವಾದ, ಬಂದವರ ಪ್ರಯಾಣದ ಖರ್ಚಿನಿಂದ ಜಾಗದ ಬೆಲೆ ಅಳೆಯುವ ಪ್ರಯಾಣವೆಚ್ಚ ವಿಧಾನವನ್ನು ನಮ್ಮ ಕಾಡುಗಳಿಗೆ ಒಗ್ಗಿಸಿದವರು ಮುಂದಿನ ಸಾಲಿನಲ್ಲೇ ಇದ್ದಾರೆ. ಎಲ್ಲರ ಸೊತ್ತು ಕೊನೆಗೆ ಹಾಳಾಗುತ್ತದೆ ಎಂದು ಹಾರ್ಡಿನ್ 1968ರಲ್ಲಿ ಹುಟ್ಟಿಸಿದ ಭಯಕ್ಕೆ, ಬಳಸುವವರೇ ಕಟ್ಟಳೆ ಮಾಡಿ ಅದನ್ನು ಕಾಯಬಲ್ಲರು ಎಂದು ಎಲಿನೋರ್ ಆಸ್ಟ್ರಮ್ 1990ರಲ್ಲಿ ಕೊಟ್ಟ ಉತ್ತರವನ್ನು ತರಗತಿಯಲ್ಲಿ ಸೊಗಸಾಗಿ ಪಾಠ ಮಾಡುವ ಗೆಳತಿ ನಾಳೆ ಬೆಳಿಗ್ಗೆ ಮಾತಾಡಲಿದ್ದಾರೆ. ಅವರೆಲ್ಲರ ಮೇಲೆ ನನಗೆ ಗೌರವವಿದೆ. ಹಾಗಿದ್ದೂ ಬಹಳ ಕಾಲದಿಂದ ಮನಸ್ಸಿನಲ್ಲಿರುವ ಮಾತನ್ನು ಇವತ್ತು ಆಡಿಯೇಬಿಡುತ್ತೇನೆ. ನಮ್ಮ ಅಧ್ಯಯನಗಳೆಲ್ಲ ಬಂದವರ ಜೇಬನ್ನು ಕೇಳಿದವು: ಎಷ್ಟು ಕೊಡುತ್ತೀರಿ, ಎಷ್ಟಾದರೆ ಬರುವುದಿಲ್ಲ? ದಾರಿಯನ್ನು ಯಾರೂ ಕೇಳಲಿಲ್ಲ. ಮಳೆಗಾಲ ಕಳೆದ ಮೇಲೆ ಕೊರಕಲಿಗೆ ಕಲ್ಲು ತುಂಬುವವರು ಯಾರು, ಶಿವರಾತ್ರಿಯ ಹೊತ್ತಿಗೆ ಒಣಗಿ ನಿಂತ ಹುಲ್ಲಿಗೆ ಬೆಂಕಿ ಬಿದ್ದಾಗ ಸೊಪ್ಪಿನ ಬರಲು ಹಿಡಿದು ಓಡುವವರು ಯಾರು, ಕಾಲು ಉಳುಕಿಸಿಕೊಂಡವನನ್ನು ಹೊತ್ತು ಇಳಿಸುವವರು ಯಾರು? ಇದಕ್ಕೆಲ್ಲ ಏನು ಖರ್ಚು, ಅದು ಯಾರ ಲೆಕ್ಕದಲ್ಲಿ ಬೀಳುತ್ತದೆ? ಇದನ್ನು ಬಿಟ್ಟು ಶುಲ್ಕ ಎಷ್ಟಿರಬೇಕು ಎಂದು ಚರ್ಚಿಸುತ್ತಾ ಬಂದೆವು.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಪುಷ್ಪಗಿರಿ ವನ್ಯಧಾಮದ 1712 ಮೀಟರ್ ಎತ್ತರದ ಆ ಶಿಖರಕ್ಕೆ ಸಾವಿರಾರು ಜನ ಒಟ್ಟಿಗೆ ಹೊರಟು, ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದೆವು. ಸರ್ಕಾರ ಚಾರಣ ನಿಲ್ಲಿಸಿತು. ಆಮೇಲೆ ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು, ಮುಂಗಡ ಬುಕಿಂಗಿಗೆ ಅರಣ್ಯ ವಿಹಾರ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಇದು ಆಗಬೇಕಾದದ್ದೇ. ಅರಣ್ಯ ಇಲಾಖೆಯವರು ಮಾಡಿದ್ದು ಸರಿ ಎಂದು ನಾನು ಆಗಲೂ ಹೇಳಿದ್ದೆ. ಆದರೆ ಮಿತಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಷ್ಟು ಬರಹ ಆ ದಾರಿಯ ಮೇಲಿರುವ ಗಿರಿಗದ್ದೆಯ ಬಗ್ಗೆ ಬರಲಿಲ್ಲ. ಟಿಕೆಟ್ಟು ಇಲ್ಲದ ಕಾಲದಿಂದಲೂ ಹತ್ತುವವರಿಗೆ ಅನ್ನ, ಸಾರು, ಮಲಗಲು ಅಂಗಳ ಕೊಟ್ಟು ಆ ದಾರಿಯನ್ನು ಮನುಷ್ಯರು ನಡೆಯಬಹುದಾದ ದಾರಿಯಾಗಿ ಉಳಿಸಿದ್ದು ಅಲ್ಲಿನ ಭಟ್ಟರ ಮನೆ. ನಮ್ಮ ಕೋಷ್ಟಕಗಳಲ್ಲಿ ಆ ಮನೆಗೆ ಒಂದು ಕಾಲಂ ಇಲ್ಲ.

ಹೊರದೇಶಗಳ ದ್ವೀಪಗಳಿಂದ ಎರಡು ಉದಾಹರಣೆ ಹೇಳುತ್ತೇನೆ. ಪೋರ್ಚುಗಲ್ಲಿಗೆ ಸೇರಿದ ಮದೀರಾ ಈಗ ಚಾರಣಿಗರಿಂದ ತುಂಬಿಹೋಗಿದೆ. 2025ರಲ್ಲಿ ಅಲ್ಲಿನ ಅಧಿಕೃತ ಚಾರಣದ ದಾರಿಗಳಿಗೆ ಹೊರಗಿನವರು 3 ಯೂರೊ ಕೊಡಬೇಕಾಯಿತು. ದ್ವೀಪದ ನಿವಾಸಿಗಳಿಗೆ ಶುಲ್ಕವಿಲ್ಲ. ನಮ್ಮವರು ಆ 3 ಯೂರೊ ಹೆಚ್ಚೋ ಕಡಿಮೆಯೋ ಎಂದು ಪ್ರಬಂಧ ಬರೆಯುತ್ತಾರೆ. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಅಲ್ಲಿನ ಹೆಸರಾಂತ ದಾರಿಗಳಲ್ಲಿ ಎಷ್ಟೋ ಚಾರಣಕ್ಕೆಂದು ಆದವಲ್ಲ. ಅವು ಲೆವಾಡಗಳ, ಅಂದರೆ ಬೆಟ್ಟದ ಒಂದು ಬದಿಯ ಮಳೆನೀರನ್ನು ಇನ್ನೊಂದು ಬದಿಯ ಹೊಲಗಳಿಗೆ ಒಯ್ಯುವ ಕಾಲುವೆಗಳ ಅಂಚು. ಕಾಲುವೆಯ ಕಸ ತೆಗೆದು, ಸರದಿಯಂತೆ ನೀರು ಬಿಡುವವನು ದಿನವೂ ಓಡಾಡಿದ್ದರಿಂದ ಆ ಅಂಚು ದಾರಿಯಾಯಿತು. ನಮ್ಮ ನೀರುಗಂಟಿಯ ಕೆಲಸವೇ ಅದು. ತುಮಕೂರು ಸೀಮೆಯ ಕೆರೆಯ ಊರುಗಳಲ್ಲಿ ಹಿರಿಯರನ್ನು ಕೇಳಿ: ನೀರುಗಂಟಿಗೆ ಸಂಬಳ ಸರ್ಕಾರದಿಂದ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದಲೇ ಅವನ ಆಯ ಅಳೆದು ಕೊಡುತ್ತಿದ್ದರು. ತೂಬು ಕಾಯ್ದವನ ಮೊರಕ್ಕೆ ನೀರು ಉಂಡ ಹೊಲದ ರಾಶಿಯಿಂದಲೇ ಕಾಳು ಬೀಳುತ್ತಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಅದನ್ನು ಯಾರೂ ಮರಳಿ ಬಯಸಬಾರದು. ಆದರೆ ಬಳಸಿದವನಿಗೂ ಕಾಯ್ದವನಿಗೂ ನಡುವೆ ಖಜಾನೆ ಇರಲಿಲ್ಲ ಎಂಬ ಒಂದು ಅಂಶ ನನ್ನನ್ನು ಬಿಡುವುದಿಲ್ಲ.

ಎರಡನೆಯ ಉದಾಹರಣೆ ಗ್ಯಾಲಪಗೋಸ್ ದ್ವೀಪಗಳದು. ಅಲ್ಲಿನ ಪ್ರವೇಶ ಶುಲ್ಕ 2024ರ ಆಗಸ್ಟಿನಲ್ಲಿ ಹೆಚ್ಚಿನ ವಿದೇಶಿಯರಿಗೆ 100 ಡಾಲರಿನಿಂದ 200 ಡಾಲರಿಗೆ ಏರಿತು. ಅದು ಸುದ್ದಿಯಾಯಿತು. 1998ರ ಅಲ್ಲಿನ ವಿಶೇಷ ಕಾನೂನು ಮಾತ್ರ ಸುದ್ದಿಯಾಗುವುದಿಲ್ಲ: ಶುಲ್ಕದಲ್ಲಿ ಉದ್ಯಾನಕ್ಕೆಷ್ಟು, ದ್ವೀಪದ ಪುರಸಭೆಗಳಿಗೆಷ್ಟು ಎಂದು ಅದು ಪಾಲು ಬರೆದಿಟ್ಟಿತು.

ನಮ್ಮಲ್ಲೂ ಇಂಥದ್ದು ಇಲ್ಲವೆಂದಲ್ಲ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿ ಪ್ರವಾಸಿಗರಿಂದ ಬಂದ ಹಣ ತಮ್ಮಲ್ಲೇ ಉಳಿಯುವಂತೆ ಹುಲಿ ಮೀಸಲುಗಳಿಗೆ ತಮ್ಮದೇ ಪ್ರತಿಷ್ಠಾನ ಕಟ್ಟಿಕೊಳ್ಳುವ ದಾರಿ ತೋರಿಸಿತು. ಬಂಡೀಪುರ, ನಾಗರಹೊಳೆಗಳು ಆ ದಾರಿಯಲ್ಲಿ ನಡೆದಿವೆ. ಸಿದ್ಧರಬೆಟ್ಟದಲ್ಲಿ ಹುಲಿಯಿಲ್ಲ. ಕರಡಿಯಿದೆ, ಚಿರತೆಯಿದೆ, ಮೂಲಿಕೆಗಳಿವೆ, ಗುಹೆಯೊಳಗೆ ಸಿದ್ಧೇಶ್ವರನಿದ್ದಾನೆ, ನೀರಿನ ಸೆಲೆಯಿದೆ. ಹುಲಿ ಇಲ್ಲದ ಬೆಟ್ಟದ ಹಣ ಬೆಟ್ಟದಲ್ಲಿ ಉಳಿಯಬಾರದೇ? 1993ರಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ಕಾಡಿನ ಉತ್ಪನ್ನದಲ್ಲಿ ಪಾಲು ಒಪ್ಪಿಕೊಂಡಿತು. ಹುಣಸೆ, ಹೊಂಗೆಯಂಥ ಫಸಲಿನಲ್ಲಿ ಊರಿಗೆ ಪಾಲಿದೆ ಎಂಬ ತತ್ವವನ್ನು ಒಪ್ಪಿದ ಮೇಲೆ ಅದೇ ಕಾಡಿನ ನೋಟಕ್ಕೆ, ಅದೇ ಕಾಡಿನ ದಾರಿಗೆ ಬರುವ ಹಣದಲ್ಲಿ ಪಾಲು ಯಾಕಿರಬಾರದು? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲು 2007ರಲ್ಲಿ ಸಂರಕ್ಷಣಾ ಮೀಸಲಾಯಿತು. ಆ ಬಗೆಯ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಕುರ್ಚಿ ಹಾಕಿಯಾಗಿದೆ. ಅರಣ್ಯ, ಪ್ರವಾಸೋದ್ಯಮ ಇಲಾಖೆಗಳ ಅಧಿಕಾರಿಗಳು ಇಲ್ಲಿಯೇ ಇರುವುದರಿಂದ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಕೆಲವು ಜಾಡುಗಳಲ್ಲಿ ಊರಿನ ಹುಡುಗರಿಗೆ ಮಾರ್ಗದರ್ಶಿ ಕೆಲಸ ಸಿಕ್ಕಿದೆ ಎಂದು ಅವರು ಹೇಳುವುದು ನಿಜ, ಒಳ್ಳೆಯದೂ ಹೌದು. ಕೂಲಿ ಕೊಡುವುದು ಬೇರೆ, ಪಾಲು ಕೊಡುವುದು ಬೇರೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಚನ್ನರಾಯನದುರ್ಗ ಹತ್ತಿದ್ದೆ. ಕೋಟೆಯ ಕೆಳಗಿನ ಬಾಗಿಲು ದಾಟಿದ ಮೇಲೆ ಲಂಟಾನ ದಾರಿಯನ್ನು ನುಂಗಿಬಿಟ್ಟಿತ್ತು. ಹುಡುಗರು ಮೊಬೈಲಿನ ನಕ್ಷೆ ತಿರುಗಿಸುತ್ತಿದ್ದಾಗ ಮೇಲಿನಿಂದ ಆಡಿನ ಮಂದೆಯೊಂದು ಇಳಿಯಿತು, ಹಿಂದೆ ವಯಸ್ಸಾದ ಮನುಷ್ಯ. ನಮ್ಮನ್ನು ಕರೆದುಕೊಂಡು, ತಾನು ಇಳಿದು ಬಂದ ದಾರಿಯಲ್ಲೇ ಮೇಲಕ್ಕೆ ತಿರುಗಿದ. ನಡುವೆ ಒಂದು ಮೆಟ್ಟಿಲ ಕಲ್ಲು ಅಲುಗಾಡಿತು. ಬಗ್ಗಿ, ಪಕ್ಕದಲ್ಲಿ ಬಿದ್ದಿದ್ದ ಚಕ್ಕೆಯೊಂದನ್ನು ಅದರಡಿಗೆ ತುರುಕಿ, ಹಿಮ್ಮಡಿಯಿಂದ ಎರಡು ಸಲ ಒದ್ದು, ಮೇಲೆ ನಿಂತು ನೋಡಿದ. ಅಷ್ಟೂ ಹೊತ್ತು ಮಾತು ನಿಲ್ಲಿಸಲಿಲ್ಲ. ಲಂಟಾನ ಮುಚ್ಚಿದ ಆ ಕಡೆಯ ದಾರಿ ಯಾಕೆ ಹಾಗಾಯಿತು ಎಂದು ಕೇಳಿದೆ. “ಆಡು ಓಡಾಡಿದ ಕಡೆ ದಾರಿ ಇರ್ತದೆ ಸಾ. ಆ ಕಡೆಯೋರು ಮಂದೆ ಮಾರಿಬಿಟ್ರು, ಮುಚ್ಕೊಂಡೋಯ್ತು” ಅಂದ. ದಾರಿಯ ಅರ್ಥಶಾಸ್ತ್ರ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ನಾಳೆ ಅಲ್ಲಿ ಗೇಟು ಬಂದರೆ ಆ ಮಂದೆಯನ್ನು ಯಾವ ದರಪಟ್ಟಿಯಲ್ಲಿ ಇಡುತ್ತೀರಿ? ಮೇಯಿಸಬಾರದೆಂದು ನಿಷೇಧಿಸಿ, ಆಮೇಲೆ ಲಂಟಾನ ಕಡಿಯಲು ಟೆಂಡರ್ ಕರೆಯುತ್ತೀರಾ?

ಇಲ್ಲಿಂದ ನಾನು ಬಿಡಿಸಲಾಗದ ಪ್ರಶ್ನೆಗೆ ಬರುತ್ತೇನೆ: ಯಾರು ಸಂದರ್ಶಕ? ಮದೀರಾದಲ್ಲಿ ಗುರುತಿನ ಚೀಟಿ ನೋಡಿ ದ್ವೀಪದವನೋ ಹೊರಗಿನವನೋ ಹೇಳಿಬಿಡಬಹುದು, ಸುತ್ತ ಸಮುದ್ರವಿದೆ. ನಮ್ಮ ಬೆಟ್ಟಗಳ ಸುತ್ತ ಹೊಲಗಳಿವೆ, ಹೊಲ ಬಿಟ್ಟು ಹೋದವರಿದ್ದಾರೆ. ಕೊರಟಗೆರೆಯ ಕಡೆಯ ಒಕ್ಕಲು ಮನೆಯ ಮಗ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಆಧಾರಿನಲ್ಲಿ ಬೆಂಗಳೂರಿನ ವಿಳಾಸ. ಶ್ರಾವಣದಲ್ಲಿ ಮಗುವಿನ ಮುಡಿ ತೆಗೆಸಲು ಮನೆದೇವರ ಬೆಟ್ಟಕ್ಕೆ ಬರುತ್ತಾನೆ. ಅವನು ಪ್ರವಾಸಿಗನೇ? ಅವನ ಜೊತೆ ಅದೇ ಕಾರಿನಲ್ಲಿ ಬಂದ ಸಹೋದ್ಯೋಗಿ ಬೆಟ್ಟ ನೋಡಲು ಬಂದವನು, ಆದರೆ ಗುಹೆಯಲ್ಲಿ ಅವನೂ ಕೈಮುಗಿಯುತ್ತಾನೆ. ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ದೀಪಾವಳಿಯಲ್ಲಿ ರಾತ್ರಿಯಿಡೀ ಹತ್ತುವ ಜನರನ್ನು ಚಾರಣಿಗರು, ಭಕ್ತರು ಎಂದು ಎರಡು ಸಾಲು ಮಾಡಲು ಸಾಧ್ಯವೇ? ದೇವರ ಹೆಸರಿನಲ್ಲಿ ಎಲ್ಲರಿಗೂ ವಿನಾಯಿತಿ ಎಂದರೆ ಪ್ಲಾಸ್ಟಿಕ್ ಬಾಟಲಿಗೆ ಭಕ್ತಿ ಗೊತ್ತಿಲ್ಲ. ಎಲ್ಲರಿಗೂ ಶುಲ್ಕ ಎಂದರೆ ತಾತ ಮುತ್ತಾತಂದಿರು ಸವೆಸಿದ ಮೆಟ್ಟಿಲಿಗೆ ಮೊಮ್ಮಗ ಬಾಡಿಗೆ ಕಟ್ಟಿದಂತೆ. ನಾನು ಎರಡೂ ಕಡೆ ವಾದಿಸಿ ನೋಡಿದ್ದೇನೆ. ಎರಡೂ ಕಡೆ ಒಬ್ಬರಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆ ಬಗೆಹರಿಯುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಈ ಸಂಕಿರಣದಿಂದ ನಾನು ಬಯಸುವುದು ಚಿಕ್ಕ ಕೆಲಸ. ಸಿದ್ಧರಬೆಟ್ಟವನ್ನೋ ಚನ್ನರಾಯನದುರ್ಗವನ್ನೋ ಒಂದನ್ನು ಹಿಡಿದು, ಒಂದು ವರ್ಷ ದಾರಿಯ ಖರ್ಚನ್ನು ಬರೆಯೋಣ: ಕಲ್ಲು, ಬೆಂಕಿರೇಖೆ, ಕಸ, ಕಾವಲು, ಅಪಘಾತ, ಸಂಬಳವಿಲ್ಲದೆ ಆದ ಕೆಲಸವೂ ಸೇರಿ. ಆಮೇಲೆ ದರ ಗೊತ್ತುಮಾಡೋಣ. ಆ ಹಣದಲ್ಲಿ ಊರಿಗೆಷ್ಟು, ಇಲಾಖೆಗೆಷ್ಟು ಎಂಬುದು ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಮಧುಗಿರಿ ಬೆಟ್ಟಕ್ಕೆ ರೋಪ್‌ವೇ ಬೇಕೆಂಬ ಮಾತು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಅದರ ಪರವಾಗಿ ಇರುವವರಿಗೂ ವಿರೋಧವಾಗಿ ಇರುವವರಿಗೂ ಕಂಬಿ ಹಿಡಿದು ಹತ್ತುವ ಆ ಕಡಿದಾದ ಮೆಟ್ಟಿಲುಗಳನ್ನು ನೋಡಿಕೊಳ್ಳಲು ಏನು ಬೇಕು ಎಂಬ ಲೆಕ್ಕ ಮೊದಲು ಸಿಗಲಿ.

ಹಿಂದಿನ ಸಾಲಿನಲ್ಲಿ ಕುಳಿತಿರುವ ಗ್ರಾಮ ಅರಣ್ಯ ಸಮಿತಿಗಳ ಸದಸ್ಯರಿಗೆ ಕಾರ್ಯಕ್ರಮ ಪಟ್ಟಿಯಲ್ಲಿ ಸಂಜೆಯ ಗೋಷ್ಠಿಯ ಕೊನೆಯಲ್ಲಿ ಹತ್ತು ನಿಮಿಷ ಕೊಟ್ಟಿದ್ದಾರೆ. ಅಧ್ಯಕ್ಷರು ಅನುಮತಿ ಕೊಟ್ಟರೆ ನನ್ನ ಪಾಲಿನಲ್ಲಿ ಉಳಿದ ಸಮಯವನ್ನು ಅವರಿಗೆ ಬಿಟ್ಟುಕೊಡುತ್ತೇನೆ, ಈಗಲೇ, ಚಹಾ ವಿರಾಮಕ್ಕೆ ಮುಂಚೆ. ದಯವಿಟ್ಟು ಅವರು ವೇದಿಕೆಗೆ ಬರಲಿ.