ನೆರೆಹೊರೆಯ ರಾಷ್ಟ್ರಗಳು: ಸಹಕಾರಕ್ಕೆ ಒದಗಿದ ತೊಡಕುಗಳು



ಸಮಾಜ ವಿಜ್ಞಾನದ ಪಾಠದಲ್ಲಿ ಸಾರ್ಕ್ ಸಂಸ್ಥೆಯ ಪ್ರಸ್ತಾಪ ಬಂದಾಗ ಸ್ಥಾಪನೆಯ ವರ್ಷ, ಸದಸ್ಯ ರಾಷ್ಟ್ರಗಳು, ಕೇಂದ್ರ ಕಾರ್ಯಾಲಯ ಕಠ್ಮಂಡು ಎಂದಿಷ್ಟನ್ನು ಬರೆಸಿ ಮುಂದೆ ಸಾಗುವುದು ನಮ್ಮ ರೂಢಿ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಅದರ ಎರಡನೆಯ ಶೃಂಗಸಭೆ 1986ರಲ್ಲಿ ಬೆಂಗಳೂರಿನಲ್ಲೇ ನಡೆಯಿತೆಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಆದರೆ 2014ರ ಕಠ್ಮಂಡು ಸಭೆಯ ಬಳಿಕ ದಶಕ ಕಳೆದರೂ ಮತ್ತೊಂದು ಶೃಂಗಸಭೆ ಸೇರಲಿಲ್ಲವೇಕೆ ಎಂದು ಯಾರಾದರೂ ಕೇಳಿದರೆ ಪಠ್ಯಪುಸ್ತಕ ನೆರವಿಗೆ ಬಾರದು.

1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸನ್ನದಿಗೆ ಸಹಿ ಹಾಕಿದವರನ್ನು ನೆನೆಯೋಣ. ಪಾಕಿಸ್ತಾನದ ಜಿಯಾ ಉಲ್ ಹಕ್, ಬಾಂಗ್ಲಾದೇಶದ ಎರ್ಷಾದ್ ಇಬ್ಬರೂ ಸೇನಾಬಲದಿಂದ ಅಧಿಕಾರಕ್ಕೇರಿದವರು; ನೇಪಾಳ, ಭೂತಾನಗಳಿಂದ ಬಂದವರು ಅರಸರು. ನಿರ್ಣಯಗಳೆಲ್ಲ ಸರ್ವಾನುಮತದಿಂದ ಆಗತಕ್ಕದ್ದು, ದ್ವಿಪಕ್ಷೀಯ ಹಾಗೂ ವಿವಾದಾಸ್ಪದ ವಿಷಯಗಳು ಚರ್ಚೆಗೆ ಬರತಕ್ಕದ್ದಲ್ಲ ಎಂದು ಸನ್ನದಿನ ಹತ್ತನೆಯ ವಿಧಿ ಹೇಳುತ್ತದೆ. ಆ ಹೊತ್ತಿಗೆ ಸಂಸ್ಥೆ ಹುಟ್ಟಬೇಕಿದ್ದರೆ ಪ್ರಾಯಶಃ ಅದು ಅನಿವಾರ್ಯವಾಗಿತ್ತು. ಆದರೆ ವ್ಯಾಜ್ಯದ ಮಾತನ್ನೇ ಆಡಬಾರದೆಂದ ಮೇಲೆ ನೆರೆಯವರು ಕುಳಿತು ಬಗೆಹರಿಸುವುದಾದರೂ ಏನನ್ನು? ಹೊರಗುಳಿದ ವ್ಯಾಜ್ಯ ಸಭೆಯನ್ನೇ ನಿಲ್ಲಿಸಿತು. 1999ರಲ್ಲಿ ಪಾಕಿಸ್ತಾನದ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿದಾಗ ಮುಂದೂಡಿದ ಸಭೆ ಸೇರಿದ್ದು 2002ರಲ್ಲಿ. 2005ರಲ್ಲಿ ನೇಪಾಳದ ದೊರೆ ಆಡಳಿತವನ್ನು ತಾವೇ ವಹಿಸಿಕೊಂಡಾಗ ಢಾಕಾ ಸಭೆ ಫೆಬ್ರುವರಿಯಿಂದ ನವೆಂಬರಿಗೆ ಸರಿಯಿತು. 2016ರಲ್ಲಿ ಉರಿ ದಾಳಿಯ ತರುವಾಯ ಇಸ್ಲಾಮಾಬಾದಿನ ಸಭೆ ನಡೆಯಲೇ ಇಲ್ಲ.

ಶೃಂಗಸಭೆಗಳು ಮಕ್ಕಳಿಗೆ ದೂರದ ಮಾತು. ತರಗತಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಕೂಚ್ ಬಿಹಾರ ಸೀಮೆಯ ಕಥೆ. ಭಾರತದ 111 ಭೂಭಾಗಗಳು ಬಾಂಗ್ಲಾದೇಶದ ನೆಲದ ನಡುವೆ, ಬಾಂಗ್ಲಾದೇಶದ 51 ಭೂಭಾಗಗಳು ನಮ್ಮ ನೆಲದ ನಡುವೆ ದ್ವೀಪಗಳಂತೆ ಸಿಕ್ಕಿಕೊಂಡಿದ್ದವು. ಅಲ್ಲಿನವರು ಇವನ್ನು ಛಿಟ್‌ಮಹಲ್ ಎನ್ನುತ್ತಿದ್ದರು. 50 ಸಾವಿರಕ್ಕೂ ಮಿಕ್ಕಿದ ಆ ಜನರಿಗೆ ತಮ್ಮ ದೇಶ ಕೈಗೆಟುಕದು, ಸುತ್ತಲಿನ ದೇಶ ತಮ್ಮದಲ್ಲ. ಮತದಾನದ ಹಕ್ಕಿಲ್ಲ, ಠಾಣೆಯಿಲ್ಲ, ಆಸ್ಪತ್ರೆಯಿಲ್ಲ. ಪಕ್ಕದೂರಿನ ಶಾಲೆಗೆ ಮಗುವನ್ನು ಸೇರಿಸಲು ತಂದೆಯ ಹೆಸರಿನ ಜಾಗದಲ್ಲಿ ಬೇರೊಬ್ಬರ ಹೆಸರು ಬರೆಸಿದ ಕುಟುಂಬಗಳು ಹಲವು. ದಾಖಲಾತಿ ಪುಸ್ತಕವನ್ನು ಕೈಯಾರೆ ತುಂಬುವ ನಮಗೆ ಇದರ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇವುಗಳ ವಿನಿಮಯಕ್ಕೆ ಇಂದಿರಾ ಗಾಂಧಿ ಮತ್ತು ಮುಜಿಬುರ್ ರಹಮಾನ್ 1974ರಲ್ಲೇ ಒಪ್ಪಂದ ಮಾಡಿಕೊಂಡಿದ್ದರು. ಬಾಂಗ್ಲಾದೇಶದ ಸಂಸತ್ತು ಆ ವರ್ಷವೇ ಅನುಮೋದಿಸಿತು. ಮರುವರ್ಷ ಮುಜಿಬರ ಕೊಲೆಯಾಯಿತು, ಸೇನಾಡಳಿತ ಬಂದಿತು. ಆದರೆ ವಿಳಂಬದ ಹೊಣೆಯನ್ನೆಲ್ಲ ಸೇನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಭೂಮಿಯನ್ನು ಬಿಟ್ಟುಕೊಡಲು ಸಂವಿಧಾನದ ತಿದ್ದುಪಡಿ ಅವಶ್ಯವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1960ರಲ್ಲೇ ಅಭಿಪ್ರಾಯಪಟ್ಟಿತ್ತು. ಆ ತಿದ್ದುಪಡಿಗೆ ನಮ್ಮಲ್ಲಿ ಅವಸರವಿರಲಿಲ್ಲ. ಮತವಿಲ್ಲದವರ ಅಹವಾಲಿಗೆ ಯಾವ ಸಂಸದನೂ ಉತ್ತರ ಕೊಡಬೇಕಾಗಿರಲಿಲ್ಲವೆಂಬುದೂ ಒಂದು ಕಾರಣವೆಂದು ನನ್ನ ಎಣಿಕೆ. ಕಡೆಗೆ 2015ರ ಮೇ ತಿಂಗಳಲ್ಲಿ ನೂರನೆಯ ತಿದ್ದುಪಡಿ ಉಭಯ ಸದನಗಳಲ್ಲೂ ಒಂದೂ ವಿರೋಧ ಮತವಿಲ್ಲದೆ ಅಂಗೀಕೃತವಾಯಿತು. ಜುಲೈ 31ರ ನಡುರಾತ್ರಿ ವಿನಿಮಯ ಜಾರಿಗೆ ಬಂದಿತು. ಒಪ್ಪಂದದ ವರ್ಷ ಹುಟ್ಟಿದ ಕೂಸಿಗೆ ಅಷ್ಟರಲ್ಲಿ 41 ವರ್ಷ.

ಗಡಿ ಎಂದರೇನೆಂದು ನಮ್ಮ ಕಾಸರಗೋಡಿನ, ಅಕ್ಕಲಕೋಟೆಯ, ತಾಳವಾಡಿಯ ಮಕ್ಕಳಿಗೆ ತಿಳಿದಿದೆ. ಅರ್ಜಿ ನಮೂನೆಯ ಭಾಷೆಯಲ್ಲಿ ಅವರು ಅದನ್ನು ದಿನವೂ ಕಾಣುತ್ತಾರೆ. ಆದರೆ ಅವರ ಮನೆಯವರ ಕೈಯಲ್ಲಿ ಮತಚೀಟಿಯಿದೆ. ಈ ಪಾಠ ಮಾಡುವಾಗ ಛಿಟ್‌ಮಹಲಿನ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅಲ್ಲಿನ ಮಗು ಯಾವ ದೇಶದ ಕಚೇರಿಗೆ ಅರ್ಜಿ ಬರೆಯಬೇಕಿತ್ತೆಂದು ಕೇಳಿ ನೋಡಿ.